ಹಳೆಯ ಇಟಾಲಿಯನ್ ಸೈಕಲ್: ಯಾವ ಭಾಗ ಮೂಲದ್ದು?

ಪ್ರಶ್ನೆ: ಉದ್ಯೋಗನಿಮಿತ್ತ ಮಿಲಾನ್‌ನಲ್ಲಿರುವ ನಾನು ಒಂದು ಹಳೆಯ ಕೊಲ್ನಾಗೊ ರೇಸಿಂಗ್ ಸೈಕಲ್ ಕೊಂಡಿದ್ದೇನೆ. ಇದು 1974ರದ್ದು, ಒಂದು ನಟ್ಟೂ ಬದಲಾಗಿಲ್ಲ ಎಂದು ಮಾರಿದವರು ಹೇಳಿದ್ದರು. ಆದರೆ ಕಾಂಪಾನ್ಯೋಲೊ ಕಂಪನಿಯ ಹಿಂಬದಿ ಡಿರೇಲರ್ (ಗೇರ್ ಬದಲಿಸುವ ಭಾಗ) ಮೇಲೆ ‘ಪೇಟೆಂಟ್-79’ ಎಂದಿದೆ. ಹ್ಯಾಂಡಲ್ ಹಿಡಿದಿರುವ ಚಿನೆಲ್ಲಿ ಸ್ಟೆಮ್‌ನಲ್ಲಿ ರೆಕ್ಕೆಯುಳ್ಳ ‘ಸಿ’ ಅಕ್ಷರವಿದೆ. ನಾನು ಮೋಸ ಹೋದೆನೆ?

ಉತ್ತರ: ಮಾರಿದವರು ಸುಳ್ಳು ಹೇಳಿದ್ದಾರೆ ಎಂದೇ ಭಾವಿಸಬೇಕಿಲ್ಲ, ಅವರಿಗೂ ತಿಳಿದಿರಲಿಕ್ಕಿಲ್ಲ, ಆದರೆ ಅವರ ಮಾತು ನಿಲ್ಲುವುದಿಲ್ಲ. ಕಾಂಪಾನ್ಯೋಲೊದ ನುವೊವೊ ರೆಕಾರ್ಡ್ ಮಾದರಿಯ ಡಿರೇಲರ್‌ನ ಮೇಲ್ಭಾಗದಲ್ಲಿ ‘ಪೇಟೆಂಟ್’ ಪದದ ಮುಂದಿರುವ ಎರಡು ಅಂಕಿಗಳು ಅದು ತಯಾರಾದ ವರ್ಷವನ್ನು ಸೂಚಿಸುತ್ತವೆ. ಚಿನೆಲ್ಲಿ ಕಂಪನಿ 1978ರಲ್ಲಿ ಕೊಲೊಂಬೊ ಕುಟುಂಬದ ಕೈಗೆ ಬಂದು, ಮರುವರ್ಷ ಗುರಾಣಿಯಂಥ ಹಳೆಯ ಲಾಂಛನವನ್ನು ಬಿಟ್ಟು ರೆಕ್ಕೆಯ ‘ಸಿ’ಯನ್ನು ಬಳಕೆಗೆ ತಂದಿತು. ಹಾಗಾಗಿ ಸೈಕಲ್ 1974ರದ್ದೇ ಆಗಿದ್ದರೆ ಇವೆರಡೂ ಆಮೇಲೆ ಸೇರಿದವು.

ಇಷ್ಟರಿಂದ ಇಡೀ ಸೈಕಲ್ಲನ್ನು ಅನುಮಾನಿಸಬೇಡಿ. ಹಿಂದಿನ ಗಾಲಿಯನ್ನು ಬಿಚ್ಚಿ, ಹಬ್‌ನ ಅಚ್ಚಿನ ತುದಿಯಲ್ಲಿರುವ ಲಾಕ್‌ನಟ್‌ನ ಹೊರಮೈಯನ್ನು ಬಟ್ಟೆಯಿಂದ ಒರೆಸಿ ನೋಡಿ. ಗಾಲಿ ಚೌಕಟ್ಟಿನಲ್ಲಿ ಕೂತಿರುವಾಗ ಮರೆಯಾಗಿರುವ ಆ ಮುಖದ ಮೇಲೆ ‘ಕ್ಯಾಮ್ 74’ ಎಂದು ಕೊರೆದಿರಬೇಕು. ಮುಂದಿನ ಗಾಲಿಯನ್ನೂ ಹೀಗೆಯೇ ಪರೀಕ್ಷಿಸಿ. ಪೆಡಲಿನ ಕ್ರ್ಯಾಂಕ್ ತೋಳಿನ ಒಳಬದಿಯಲ್ಲಿ ವಜ್ರಾಕೃತಿಯೊಳಗೆ 4 ಎಂಬ ಅಂಕಿ ಕಂಡರೆ ಅದೂ 1974ರದ್ದೇ. ಅಲ್ಲಿ 3 ಇದ್ದರೆ ಗಾಬರಿ ಬೇಡ: ಆ ಕಾಲದಲ್ಲಿ ಇಂಥ ಸೈಕಲ್‌ಗಳನ್ನು ಎಷ್ಟೋ ಸಲ ಬರಿಯ ಚೌಕಟ್ಟಾಗಿ ಕೊಂಡು, ಅಂಗಡಿಯಲ್ಲಿ ದಾಸ್ತಾನಿದ್ದ ಭಾಗಗಳನ್ನು ಸವಾರನ ಇಷ್ಟದಂತೆ ಜೋಡಿಸುತ್ತಿದ್ದರು. ಚೌಕಟ್ಟಿಗಿಂತ ವರ್ಷ ಹಿಂದಿನ ಭಾಗ ಸಹಜ; ಮುಂದಿನ ವರ್ಷಗಳದ್ದು ಮಾತ್ರ ಬದಲಾವಣೆಗೆ ಸಾಕ್ಷಿ. ‘ಕಾರ್ಖಾನೆಯಿಂದ ಬಂದಂತೆಯೇ ಇದೆ’ ಎಂಬ ಮಾತಿಗೆ ಇಂಥ ಸೈಕಲ್‌ಗಳ ಮಟ್ಟಿಗೆ ನಾನು ಅಷ್ಟೇನೂ ಬೆಲೆ ಕೊಡುವುದಿಲ್ಲ.

ಹಿಂಬದಿ ಚೌಕಟ್ಟಿನ ಎರಡು ಕವಲುಗಳ ನಡುವಿನ ಅಂತರವನ್ನೂ ಅಳೆಯಿರಿ. ಐದು ಹಲ್ಲುಚಕ್ರಗಳ ಫ್ರೀವೀಲ್ ಕಾಲದ ಸೈಕಲ್‌ನಲ್ಲಿ ಅದು ಸುಮಾರು 120 ಮಿ.ಮೀ. ಇರುತ್ತದೆ, 126 ಇದ್ದರೆ ಯಾರೋ ಆರು ಹಲ್ಲುಚಕ್ರಗಳಿಗಾಗಿ ಅಗಲಿಸಿರಬಹುದು, ಅಥವಾ ಚೌಕಟ್ಟೇ 1974ಕ್ಕಿಂತ ಈಚಿನದಿರಬಹುದು.

ಡಿರೇಲರ್ ಚೆನ್ನಾಗಿ ಓಡುತ್ತಿದ್ದರೆ ಇರಲಿ ಬಿಡಿ, ಬೆಲೆಯ ವಿಷಯದಲ್ಲಿ ಮಾತ್ರ ಮಾರಿದವರನ್ನು ಕೇಳುವ ಹಕ್ಕು ನಿಮಗಿದೆ. ಬಾಟಮ್ ಬ್ರಾಕೆಟ್ (ಎರಡು ಕಪ್ಪುಗಳ ನಡುವೆ ಕ್ರ್ಯಾಂಕಿನ ಅಚ್ಚು ತಿರುಗುವ ಭಾಗ) ಬಿಚ್ಚಿಸುವ ಪ್ರಸಂಗ ಬಂದರೆ, ಕಪ್‌ನ ಮೇಲೆ ಇಟಾಲಿಯನ್ ಅಳತೆಯ ಗುರುತಾದ 36×24 ಎಂದಿದೆಯೇ ಎಂದು ಮೊದಲು ನೋಡಿಸಿ. ಇಟಾಲಿಯನ್ ಅಳತೆಯ ಚೌಕಟ್ಟಿನಲ್ಲಿ ಎರಡೂ ಬದಿಯ ಕಪ್‌ಗಳಿಗೆ ಬಲಮುರಿ ತಿರುಪೇ (ಥ್ರೆಡ್) ಇರುತ್ತದೆ. ಇಂಗ್ಲಿಷ್ ಅಳತೆಯವನ್ನು ಬಿಚ್ಚಿ ರೂಢಿಯಾದ ಕೈ ಬಲಬದಿಯ ಕಪ್ಪನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಅದು ಸಡಿಲವಾಗುವ ಬದಲು ಇನ್ನಷ್ಟು ಬಿಗಿಯಾಗುತ್ತದೆ.