ನೇರ ಎಸೆತಕ್ಕೆ ಸ್ಟ್ರೈಕ್ ಏಕೆ ಸಿಗುವುದಿಲ್ಲ?

ಪ್ರಶ್ನೆ: ಕಮೋಡೋರ್ 64 ಕಂಪ್ಯೂಟರಿನ ‘ಟೆಂತ್ ಫ್ರೇಮ್’ ಎಂಬ ಹಳೆಯ ಬೌಲಿಂಗ್ ಆಟವನ್ನು (ಚೆಂಡುರುಳಿಸಿ, ಪಿನ್ ಎಂಬ ಬಾಟಲಿಯಾಕಾರದ ಗೂಟಗಳನ್ನು ಕೆಡವುವ ಆಟ) ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶವಾದ ಎಮ್ಯುಲೇಟರಿನಲ್ಲಿ ಆಡುತ್ತಿದ್ದೇನೆ. ಚೆಂಡನ್ನು ಮುಂದಿನ ಪಿನ್ನಿನ ನಟ್ಟನಡುವೆ ಹೊಡೆದರೂ ಎರಡು ಬದಿಗಳಲ್ಲಿ ಪಿನ್‌ಗಳು ಉಳಿದುಬಿಡುತ್ತವೆ, ಒಂದೇ ಎಸೆತಕ್ಕೆ ಹತ್ತೂ ಉರುಳುವ ‘ಸ್ಟ್ರೈಕ್’ ಸಿಗುವುದಿಲ್ಲ. ಇದು ಆಟದ ದೋಷವೇ?
– ಓದುಗರು, ದಾವಣಗೆರೆ

ಉತ್ತರ: ದೋಷವಲ್ಲ, ನಿಜವಾದ ಬೌಲಿಂಗ್‌ನಲ್ಲಿಯೂ ಹೀಗೆಯೇ ಆಗುತ್ತದೆ. ಹತ್ತು ಪಿನ್‌ಗಳು ತ್ರಿಕೋನಾಕಾರದಲ್ಲಿ, ಒಂದರ ನಡುವಿನಿಂದ ಮತ್ತೊಂದರ ನಡುವಿಗೆ 12 ಅಂಗುಲ ಅಂತರದಲ್ಲಿ ನಿಂತಿರುತ್ತವೆ. ಮುಂದಿನದು 1; ಅದರ ಹಿಂದಿನ ಸಾಲುಗಳಲ್ಲಿ ಎಡದಿಂದ ಬಲಕ್ಕೆ 2–3, 4–6, 7–10 ಎಂದು ಎಣಿಕೆ. ಚೆಂಡು ಮೊದಲ ಪಿನ್ನಿಗೆ ನೇರವಾಗಿ ಬಡಿದರೆ ಗುಂಪಿನ ನಡುವೆಯೇ ನುಗ್ಗಿ ಹೋಗುವುದರಿಂದ, ಅಂಚಿನಲ್ಲಿರುವ 4, 6, 7 ಮತ್ತು 10ನೆಯ ಪಿನ್‌ಗಳಿಗೆ ಪೆಟ್ಟು ತಲುಪದೆ ಆಗಾಗ ‘ಸ್ಪ್ಲಿಟ್’ (ಉಳಿದ ಪಿನ್‌ಗಳ ನಡುವೆ ದೊಡ್ಡ ಅಂತರ) ಉಂಟಾಗುತ್ತದೆ.

ಬಲಗೈ ಆಟಗಾರರು ಗುರಿಯಿಡುವುದು 1 ಮತ್ತು 3ನೆಯ ಪಿನ್‌ಗಳ ನಡುವಿನ ‘ಪಾಕೆಟ್’ಗೆ. ಅಲ್ಲಿಗೆ ಚೆಂಡು ಬಲದಿಂದ ಎಡಕ್ಕೆ ಬಾಗುತ್ತಾ, ಸುಮಾರು 6 ಡಿಗ್ರಿ ಕೋನದಲ್ಲಿ ಬಂದರೆ ಫಲ ಹೆಚ್ಚು. ಅಚ್ಚುಕಟ್ಟಾದ ಸ್ಟ್ರೈಕಿನಲ್ಲಿ ಚೆಂಡು ಸ್ವತಃ ಮುಟ್ಟುವುದು 1, 3, 5 ಮತ್ತು 9ನೆಯ ಪಿನ್‌ಗಳನ್ನು ಮಾತ್ರ. ಮೊದಲನೆಯದು 2ನ್ನು, ಅದು 4ನ್ನು, ಅದು 7ನ್ನು ಕೆಡವುತ್ತದೆ. ಬಲಬದಿಯಲ್ಲಿ 3ರಿಂದ 6ಕ್ಕೆ, 6ರಿಂದ 10ಕ್ಕೆ ಪೆಟ್ಟು ಸಾಗುತ್ತದೆ. 5ನೆಯದು 8ನ್ನು ಉರುಳಿಸುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಸ್ವಲ್ಪ ಓರೆಯಾದರೂ ಅದರಾಚೆಯ ಪಿನ್ ನಿಂತೇ ಇರುತ್ತದೆ.

ಸುಮಾರು 1 ಮೆಗಾಹರ್ಟ್ಸ್ ವೇಗದ, ಗುಣಾಕಾರಕ್ಕೆ ಪ್ರತ್ಯೇಕ ಆದೇಶವೇ ಇಲ್ಲದ ಪ್ರೊಸೆಸರಿನ ಮೇಲೆ ಇಂತಹ ಆಟವನ್ನು ನಂಬುವಂತೆ ತೋರಿಸುವುದು ಸುಲಭದ ಕೆಲಸವಲ್ಲ. ಆ ಯಂತ್ರದ ಗ್ರಾಫಿಕ್ಸ್ ಚಿಪ್ ಪರದೆಯ ಒಂದೇ ಸಾಲಿನಲ್ಲಿ ಸ್ವತಂತ್ರವಾಗಿ ಚಲಿಸಬಲ್ಲ ಪುಟ್ಟ ಚಿತ್ರಗಳಾದ ಎಂಟು ಸ್ಪ್ರೈಟ್‌ಗಳನ್ನಷ್ಟೇ ತೋರಿಸಬಲ್ಲದು, ಪಿನ್‌ಗಳೋ ಹತ್ತು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಆಕ್ಸೆಸ್ ಸಾಫ್ಟ್‌ವೇರ್ ಸಂಸ್ಥೆಗಾಗಿ ಬ್ರೂಸ್ ಮತ್ತು ರೋಜರ್ ಕಾರ್ವರ್ 1986ರಲ್ಲಿ ಈ ಆಟವನ್ನು ರೂಪಿಸಿದರು. ‘ಲೀಡರ್ ಬೋರ್ಡ್’ ಎಂಬ ಗಾಲ್ಫ್ ಆಟವೂ ಅವರದೇ. ಅಟಾರಿಯ 1979ರ ಬೌಲಿಂಗ್ ಆಟದಲ್ಲಿ ಉರುಳುತ್ತಿರುವ ಚೆಂಡನ್ನೇ ಜಾಯ್‌ಸ್ಟಿಕ್‌ನಿಂದ ತಿರುಗಿಸುವ ಬಗೆಯೊಂದಿತ್ತು. ಇಲ್ಲಿ ಹಾಗಲ್ಲ. ನಿಲ್ಲುವ ಜಾಗ ಮತ್ತು ಗುರಿಯನ್ನು ಮೊದಲೇ ಆರಿಸಿ, ಬಟನ್ ಒತ್ತಿ ಬಿಡುವ ಸಮಯದಿಂದ ವೇಗವನ್ನೂ ಹುಕ್ಕನ್ನೂ (ಚೆಂಡಿನ ಬಾಗುವಿಕೆ) ನಿರ್ಧರಿಸಬೇಕು. ಚೆಂಡು ಕೈಬಿಟ್ಟ ಮೇಲೆ ಆಟಗಾರ ಮಾಡುವಂಥದ್ದೇನೂ ಇಲ್ಲ ಎಂಬ ಈ ನಿಷ್ಠುರತೆಯೇ ಇದನ್ನು ನಿಜವಾದ ಆಟಕ್ಕೆ ಹತ್ತಿರ ತರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ನಡುವಿನಿಂದ ತುಸು ಬಲಕ್ಕೆ ನಿಂತು, ವೇಗವನ್ನು ಪ್ರತಿಸಲವೂ ಒಂದೇ ಮಟ್ಟದಲ್ಲಿರಿಸಿ, ಹುಕ್ಕನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಪಾಕೆಟ್ ಹುಡುಕಿ. ಎರಡನ್ನೂ ಒಮ್ಮೆಗೇ ಬದಲಿಸಿದರೆ ತಪ್ಪಿದ್ದೆಲ್ಲಿ ಎಂಬುದು ತಿಳಿಯುವುದಿಲ್ಲ. 10ನೆಯ ಪಿನ್ ಒಂದೇ ಉಳಿದಾಗ ಹುಕ್ ಬಿಟ್ಟು, ಎಡಬದಿಯಲ್ಲಿ ನಿಂತು ಲೇನಿಗೆ (ಚೆಂಡು ಉರುಳುವ ಹಾದಿ) ಅಡ್ಡಲಾಗಿ ನೇರ ಚೆಂಡನ್ನೇ ಎಸೆಯಿರಿ.