ಭ್ರಮೆ ಅಂದರೆ ಯಾವ ಭ್ರಮೆ?

ನಮಸ್ಕಾರ.

‘ಪಠ್ಯಪುಸ್ತಕಗಳೇ ತಪ್ಪು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕಾರಣ ಹೇಳದೆ ವಾಪಸ್ ಕಳಿಸುವುದು ಸರಿಯಲ್ಲ ಅಂತ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು: ಮನೋವೈದ್ಯರ ಪುಸ್ತಕಗಳು ಡೆಲ್ಯೂಷನ್ ಅಂದರೆ ‘ಸುಳ್ಳು ನಂಬಿಕೆ’ ಅನ್ನುತ್ತವೆ, ಹಾಗಾದರೆ ಸುಳ್ಳನ್ನು ನಂಬಿದವರೆಲ್ಲ ರೋಗಿಗಳಾ? ಒಳ್ಳೆಯ ಪ್ರಶ್ನೆ. ಆದರೆ ನೀವೇ ಮೊದಲು ಕೇಳಿದ್ದು ಅನ್ನುವ ಧಾಟಿ ಬೇಡ. ಜರ್ಮನಿಯ ಮನೋವೈದ್ಯ ಕಾರ್ಲ್ ಯಾಸ್ಪರ್ಸ್ 1913ರಲ್ಲೇ ಇದರ ಜೊತೆ ಗುದ್ದಾಡಿದ್ದಾರೆ. ಅಲುಗಾಡದ ನಂಬಿಕೆ, ಯಾವ ವಾದಕ್ಕೂ ಬಗ್ಗದಿರುವುದು, ಆಗಲು ಸಾಧ್ಯವೇ ಇಲ್ಲದ ವಿಷಯ ಎಂದು ಮೂರು ಗುರುತು ಕೊಟ್ಟು, ಇವು ಬರೀ ಹೊರಗಿನ ಗುರುತುಗಳು ಎಂದೂ ಅವರೇ ಹೇಳಿದರು.

‘ಡಿಎಸ್‌ಎಂ ಪ್ರಕಾರ’ ಎಂದು ಬರೆದಿದ್ದೀರಿ. ಅಮೆರಿಕದ ಮನೋವೈದ್ಯರ ಸಂಘ ರೋಗ ಗುರುತಿಸಲು ಹೊರತರುವ ಕೈಪಿಡಿ ಅದು. ಯಾವ ಡಿಎಸ್‌ಎಂ? 1980ರ ಮೂರನೇ ಆವೃತ್ತಿಯಲ್ಲಿ ‘ಸುಳ್ಳು’ ಇದೆ, ನಿಜ. 2013ರ ಐದನೆಯದನ್ನು ತೆಗೆದು ನೋಡಿ. ಅಲ್ಲಿ ಮುಖ್ಯ ಪಠ್ಯದಲ್ಲಿ, ವಿರುದ್ಧ ಪುರಾವೆ ಕೊಟ್ಟರೂ ಬದಲಾಗದ ಗಟ್ಟಿ ನಂಬಿಕೆ ಎಂಬ ಅರ್ಥ ಬರುತ್ತದೆ. ಅದೇ ಪುಸ್ತಕದ ಹಿಂದಿನ ಪದಕೋಶದಲ್ಲಿ ಮಾತ್ರ ಹಳೆಯ ‘ಸುಳ್ಳು’ ಹಾಗೇ ಉಳಿದಿದೆ. ಒಂದೇ ಪುಸ್ತಕ, ಎರಡು ವ್ಯಾಖ್ಯೆ! ನಿಮ್ಮ ಲೇಖನಕ್ಕೆ ಬೇಕಿದ್ದ ಸಾಕ್ಷಿ ಅಲ್ಲೇ ಇತ್ತು, ಪುಸ್ತಕ ತೆರೆಯದೆ ಬಿಟ್ಟುಬಿಟ್ಟಿರಿ.

‘ಸುಳ್ಳು’ ಯಾಕೆ ಸಾಲದು ಅನ್ನುವುದಕ್ಕೆ ಉದಾಹರಣೆ ಕೊಡಿ. ಒಬ್ಬನಿಗೆ ಹೆಂಡತಿಯ ಮೇಲೆ ಅನುಮಾನ. ‘ಸಿಂಕಿನಲ್ಲಿ ಎರಡು ಕಾಫಿ ಲೋಟ ಇತ್ತು, ಅಷ್ಟರಲ್ಲೇ ಗೊತ್ತಾಯ್ತು’ ಅನ್ನುತ್ತಾನೆ. ಆಕೆಗೆ ನಿಜವಾಗಿಯೂ ಇನ್ನೊಂದು ಸಂಬಂಧ ಇರಬಹುದು. ಇದ್ದರೂ ಅವನದು ಡೆಲ್ಯೂಷನ್ ಆಗಿರಬಹುದು. ಎರಡು ಲೋಟದಿಂದ ಅವನು ಅಲ್ಲಿಗೆ ಹೇಗೆ ಹೋದ, ಎಷ್ಟು ಹೇಳಿದರೂ ಯಾಕೆ ವಾಪಸ್ ಬರುತ್ತಿಲ್ಲ, ಡಾಕ್ಟರು ನೋಡುವುದು ಅದನ್ನು.

ಈಗ ನನ್ನ ದೊಡ್ಡ ತಕರಾರು. ಎರಡನೇ ಪುಟದಲ್ಲಿ ಹನ್ನೊಂದು ಸಲ ‘ಭ್ರಮೆ’ ಬಂದಿದೆ. ಡೆಲ್ಯೂಷನ್, ಹ್ಯಾಲ್ಯುಸಿನೇಷನ್, ಇಲ್ಯೂಷನ್ ಮೂರಕ್ಕೂ ಅದೇ ಪದ. ಪುಸ್ತಕದವರ ವ್ಯಾಖ್ಯೆ ಸಡಿಲ ಎಂದು ಬೈಯುವವರು ಹೀಗೆ ಮಾಡಬಹುದಾ? ಹಗ್ಗ-ಹಾವಿನ ಉದಾಹರಣೆಯನ್ನು ಹ್ಯಾಲ್ಯುಸಿನೇಷನ್‌ಗೆ ಕೊಟ್ಟಿದ್ದೀರಿ. ಅಲ್ಲಿ ಹಗ್ಗ ಇದೆಯಲ್ವಾ? ಇದ್ದದ್ದು ಬೇರೆ ಥರ ಕಂಡಿತು, ಅದು ಇಲ್ಯೂಷನ್. ಟಾರ್ಚ್ ಹಾಕಿದರೆ ಹಾವು ಹೋಗುತ್ತದೆ. ಹಗ್ಗವೂ ಇಲ್ಲ, ಏನೂ ಇಲ್ಲ, ಬರೀ ನೆಲದ ಮೇಲೆ ಹಾವು ಕಂಡರೆ ಹ್ಯಾಲ್ಯುಸಿನೇಷನ್. ‘ಪಕ್ಕದ ಮನೆಯವರು ನನ್ನನ್ನು ಕೊಲ್ಲಲು ಹಾವು ಬಿಟ್ಟಿದ್ದರು, ನೀವು ಟಾರ್ಚ್ ಹಾಕುವಷ್ಟರಲ್ಲಿ ಅದನ್ನು ಹಗ್ಗ ಮಾಡಿಬಿಟ್ಟರು’ ಅಂದರೆ ಡೆಲ್ಯೂಷನ್. ಕನ್ನಡದಲ್ಲಿ ಮೂರು ಪದ ನೆಲೆ ನಿಂತಿಲ್ಲ, ಒಪ್ಪುತ್ತೇನೆ. ಹಾಗಾದರೆ ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳಿ. ಓದುಗರಿಗೆ ಏನೂ ತೊಂದರೆಯಿಲ್ಲ.

ಸ್ಕಿಜೋಫ್ರೇನಿಯಾ ಅಂದರೆ ಎರಡು ವ್ಯಕ್ತಿತ್ವ ಎಂಬ ಸಾಲನ್ನು ಹೊಡೆದುಹಾಕಿ. ಅದು ಡೆಲ್ಯೂಷನ್, ಹ್ಯಾಲ್ಯುಸಿನೇಷನ್ ಕಾಣಿಸಿಕೊಳ್ಳುವ ಮಾನಸಿಕ ಕಾಯಿಲೆ; ಎರಡು ವ್ಯಕ್ತಿತ್ವ ಅನ್ನುವುದು ಸಿನಿಮಾದ ಮಾತು.

ಇಡೀ ಲೇಖನದಲ್ಲಿ ನನಗೆ ತುಂಬಾ ಹಿಡಿಸಿದ್ದು ನಿಮ್ಮ ಅಜ್ಜಿ. ಮನೆಗೆ ಮಾಟ ಮಾಡಿಸಿದ್ದಾರೆ ಎಂದು ನಂಬಿ ತಡೆ ಒಡೆಸಿದರು, ಬೀದಿಯವರೆಲ್ಲ ಬಂದು ನಿಂತಿದ್ದರು ಎಂದು ನಾಲ್ಕೇ ಸಾಲು ಬರೆದು ಮುಂದೆ ಓಡಿದ್ದೀರಿ. ವ್ಯಾಖ್ಯೆಯಲ್ಲಿ ಅತಿ ಕಷ್ಟದ ಮಾತು ಅಲ್ಲೇ ಇದೆ: ಆ ವ್ಯಕ್ತಿಯ ಸುತ್ತಲಿನ ಜನ ಸಾಮಾನ್ಯವಾಗಿ ಒಪ್ಪುವ ನಂಬಿಕೆಯನ್ನು ಡೆಲ್ಯೂಷನ್ ಎಂದು ಲೆಕ್ಕ ಹಾಕುವುದಿಲ್ಲ. ಬೀದಿಯೇ ನಂಬಿತ್ತು, ಹಾಗಾಗಿ ಅಜ್ಜಿಗೆ ಕಾಯಿಲೆ ಅನ್ನುವಂತಿಲ್ಲ. ಆಮೇಲೆ ಅವರು ನೀರಿನ ಕೊಡವನ್ನೂ ಮುಟ್ಟದೆ ಕೂತಾಗ ಆ ಬೀದಿಯವರೇ ‘ಇದ್ಯಾಕೋ ಜಾಸ್ತಿ ಆಯ್ತು’ ಅಂದರು ಎಂದು ಒಂದು ಕಡೆ ಬರೆದಿದ್ದೀರಿ. ಅವರಿಗೆ ಅದು ಹೇಗೆ ಗೊತ್ತಾಯಿತು? ಯಾವ ಪುಸ್ತಕವನ್ನೂ ಓದದವರಿಗೆ?

ಲೇಖನ ಆ ಕೊಡದಿಂದ ಶುರುವಾಗಲಿ. ಮನೆಯವರನ್ನು ಕೇಳಿ, ಊರಿನ ಹೆಸರು ತೆಗೆದು, ತಿದ್ದಿ ಕಳಿಸಿ. ಎಂಟುನೂರು ಪದ ಸಾಕು.