ಕೈಗೆ ಕಟ್ಟುವ ತೂಕದ ಪಟ್ಟಿ: 2 ಕೆಜಿ ಬೇಡ

ವಾಕಿಂಗ್ ಮಾಡುವಾಗ ಎರಡೂ ಕೈಗೆ 2 ಕೆಜಿಯ ಪಟ್ಟಿ ಕಟ್ಟಿಕೊಳ್ಳಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಒಂದೊಂದು ಕೈಗೆ ಅರ್ಧ ಕೆಜಿಯಿಂದ ಶುರು ಮಾಡಿ. ತೀರಾ ಕಡಿಮೆ ಅನಿಸುತ್ತದೆ, ಅಲ್ವಾ? ಆದರೆ ಈ ತೂಕ ಕೂರುವುದು ತೋಳಿನ ತುದಿಯಲ್ಲಿ. ಕೈ ಚಾಚಿದಷ್ಟೂ ಭುಜಕ್ಕೆ ಭಾರ ಜಾಸ್ತಿ. ಜೋರಾಗಿ ಬೀಸುತ್ತಾ ನಡೆದರೆ ಮೊಣಕೈ, ಭುಜ, ಕುತ್ತಿಗೆ ಎಲ್ಲ ನೋಯಬಹುದು.

ನನ್ನ ಪ್ರಕಾರ ಇದು ನಡಿಗೆಗಿಂತ ನಿಂತಲ್ಲೇ ಮಾಡುವ ವ್ಯಾಯಾಮಕ್ಕೆ ಸರಿ. ಕೈಯನ್ನು ಪಕ್ಕಕ್ಕೆ ನಿಧಾನವಾಗಿ ಭುಜದ ಮಟ್ಟಕ್ಕೆ ಎತ್ತಿ, ಅಷ್ಟೇ ನಿಧಾನವಾಗಿ ಇಳಿಸಿ. 12 ಸಲ ಸಲೀಸಾಗಿ ಆಗುವ ತನಕ ತೂಕ ಏರಿಸಬೇಡಿ. ಬೆರಳಿನ ಹಿಡಿತ ಕಡಿಮೆ ಇರುವವರಿಗಂತೂ ಡಂಬೆಲ್‌ಗಿಂತ ಇದೇ ವಾಸಿ, ಏನನ್ನೂ ಹಿಡಿದುಕೊಳ್ಳಬೇಕಿಲ್ಲ. ಇದನ್ನು ಕಟ್ಟಿಕೊಂಡು ಗಾಳಿಗೆ ಗುದ್ದುವುದು ಮಾತ್ರ ಖಂಡಿತ ಬೇಡ.

ಕೊಳ್ಳುವಾಗ, ಒಳಗಿನ ತೂಕದ ತುಂಡುಗಳನ್ನು ತೆಗೆದು ಹಾಕಲು ಬರುವಂಥದ್ದನ್ನೇ ಆರಿಸಿ. ವೆಲ್ಕ್ರೋ ಗಟ್ಟಿಯಾಗಿರಲಿ, ಪಟ್ಟಿ ಜಾರಬಾರದು. ಬೆರಳು ಜುಮುಜುಮು ಅಂದರೆ ಬಿಗಿ ಜಾಸ್ತಿಯಾಗಿರಬಹುದು, ತಕ್ಷಣ ಸಡಿಲಿಸಿ. ಭುಜ ಅಥವಾ ಮಣಿಕಟ್ಟಿನ ನೋವು ಮೊದಲೇ ಇದ್ದರೆ ಫಿಸಿಯೋಥೆರಪಿಸ್ಟ್ ಒಬ್ಬರಿಗೆ ತೋರಿಸಿಯೇ ಶುರು ಮಾಡಿ.